ಭಾನುವಾರದ ಹುಡುಗ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಗೇಟಿನಾಚೆ ಮಕ್ಕಳು ಏನು ಮಾಡಿದರೂ ದೂರು ನನ್ನ ಮೇಜಿಗೇ ಬರುತ್ತಿತ್ತು. ಯಾರದೋ ತೋಟದ ಪೇರಳೆ ಕಿತ್ತರೂ, ತುಂಗಾ ನದಿಗೆ ಈಜಲು ಇಳಿದರೂ, ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೈ ಕೈ ಮಿಲಾಯಿಸಿದರೂ "ಇದೇನಾ ಮೇಷ್ಟ್ರೇ ನೀವು ಕಲಿಸಿದ್ದು?" ಎಂದು ಕೇಳುವವರಿದ್ದರು. ಮೊದಲ ಕೆಲವು ವರ್ಷ ಆ ಪ್ರಶ್ನೆಗೆಲ್ಲ ಉತ್ತರಿಸುವುದು ನನ್ನ ಕರ್ತವ್ಯವೆಂದೇ ನಾನೂ ನಂಬಿದ್ದೆ.

2014ರ ಅಡಿಕೆ ಕೊಯ್ಲಿನ ಕಾಲದಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಭಾನುವಾರ ಪೇಟೆಯಲ್ಲಿ ಅಪ್ಪನ ಬೈಕ್ ಓಡಿಸುತ್ತಿದ್ದುದನ್ನು ಸಹೋದ್ಯೋಗಿಯೊಬ್ಬರು ಕಂಡು ಬಂದು ಹೇಳಿದರು. ಸೋಮವಾರದ ಪ್ರಾರ್ಥನೆಯಲ್ಲಿ ಅವನನ್ನು ಮುಂದೆ ಕರೆದು ನಿಲ್ಲಿಸಿ, ಹತ್ತು ನಿಮಿಷ ರಸ್ತೆ ನಿಯಮಗಳ ಬಗ್ಗೆ ಮಾತನಾಡಿದೆ. ಹೊಡೆಯಲಿಲ್ಲ, ಅದೇ ದೊಡ್ಡ ಸಂಯಮವೆಂದು ಆಗ ಅನ್ನಿಸಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂದು ನನಗೆ ಗೊತ್ತಿತ್ತು, ಆದರೆ ನಾನು ಮಾಡುತ್ತಿರುವುದೂ ಅದೇ ಎಂದು ಹೊಳೆದಿರಲಿಲ್ಲ. ಹುಡುಗ ತಲೆ ತಗ್ಗಿಸಿ, ಅಡಿಕೆ ಸುಲಿದು ಕಪ್ಪಾಗಿದ್ದ ಹೆಬ್ಬೆರಳನ್ನು ಚಡ್ಡಿಗೆ ಉಜ್ಜುತ್ತಲೇ ಇದ್ದ.

ನಾಲ್ಕು ದಿನ ಅವನು ಶಾಲೆಗೆ ಬರಲಿಲ್ಲ. ಐದನೇ ದಿನ ಅವನ ತಾಯಿ ಬಂದರು. ಗಂಡ ಜ್ವರದಿಂದ ಮಲಗಿದ್ದರಿಂದ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನನ್ನು ಕರೆತರಲು ಮಗನನ್ನೇ ಕಳಿಸಿದ್ದರಂತೆ. "ಬೈಕ್ ಕೊಟ್ಟಿದ್ದು ನಮ್ದೇ ತಪ್ಪು, ನನ್ನನ್ನ ಕರೆಸಿ ಬೈಬಹುದಿತ್ತು. ಭಾನ್ವಾರದ ಹುಡುಗನೂ ನಿಮಗೇ ಸೇರಿದವನಾದ್ರೆ ನಾವು ಎಂತಕ್ಕೆ ಇರದು ಮೇಷ್ಟ್ರೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ಅಪ್ರಾಪ್ತರ ತಪ್ಪಿಗೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು ಓದಿದಾಗ ಆಕೆಯ ಮಾತು ನೆನಪಾಯಿತು.

ಆ ಬಳಿಕ ಹೊರಗಿನ ಯಾವ ದೂರು ಬಂದರೂ, ಇದರಿಂದ ನಮ್ಮ ಶಾಲೆಯ ಬೇರೊಂದು ಮಗುವಿಗೆ ತೊಂದರೆಯಾಗಿದೆಯೇ ಎಂದು ಮೊದಲು ನೋಡತೊಡಗಿದೆ. ಆಗಿಲ್ಲವಾದರೆ ತಂದೆ ತಾಯಿಗೆ ತಿಳಿಸಿ ಸುಮ್ಮನಾಗುತ್ತಿದ್ದೆ.

ಸಂಜೆಯ ಬಸ್ಸಿನ ವಿಷಯದಲ್ಲಿ ಸುಮ್ಮನಿರಲು ಆಗಲಿಲ್ಲ. ನಮ್ಮ ಆರು ಹುಡುಗರು ಬಾಗಿಲಲ್ಲಿ ಜೋತಾಡುತ್ತಾ, ಮನಬಂದಂತೆ ಗಂಟೆ ಬಾರಿಸುತ್ತಾ ಕಂಡಕ್ಟರನ್ನು ರೇಗಿಸಿದ್ದರ ಫಲವಾಗಿ, ಡ್ರೈವರ್ ನಮ್ಮ ಸ್ಟಾಪಿನಲ್ಲಿ ನಿಲ್ಲಿಸುವುದನ್ನೇ ಬಿಟ್ಟರು. ಜುಲೈ ಮಳೆಯಲ್ಲಿ ದೂರದೂರಿನ ಹೆಣ್ಣುಮಕ್ಕಳು ಕಾಡುದಾರಿಯಲ್ಲಿ ಐದು ಕಿಲೋಮೀಟರ್ ನಡೆಯಬೇಕಾಯಿತು. ಪಾಸ್ ಕಿತ್ತುಕೊಳ್ಳಿ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಕೆಲವರು ಸಲಹೆ ಕೊಟ್ಟರು. ಹಾಗೆ ಮಾಡಿದರೆ ಆ ಆರು ಜನ ಶಾಲೆಯನ್ನೇ ಬಿಡುತ್ತಾರೆಂಬುದು ನನಗೆ ಖಚಿತವಿತ್ತು. ಬದಲಿಗೆ ಅವರನ್ನೂ, ನಡೆದು ಹೋಗುತ್ತಿದ್ದ ಹುಡುಗಿಯರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಮಾತಾಡುವುದನ್ನು ಹುಡುಗಿಯರಿಗೆ ಬಿಟ್ಟೆ. ಅವರಲ್ಲೊಬ್ಬಳು ಏನೂ ಹೇಳದೆ ಕಾಲುಚೀಲ ಇಳಿಸಿ, ಇಂಬಳ (ಕಾಡಿನ ಜಿಗಣೆ) ಕಚ್ಚಿ ರಕ್ತ ಹೆಪ್ಪುಗಟ್ಟಿದ್ದ ಜಾಗ ತೋರಿಸಿದಳು. ಹುಡುಗರು ಡಿಪೋಗೆ ತಾವೇ ಕ್ಷಮೆಯ ಪತ್ರ ಬರೆದರು. ಎರಡು ವಾರ ನಮ್ಮ ದೈಹಿಕ ಶಿಕ್ಷಕರು ಅದೇ ಬಸ್ಸಿನಲ್ಲಿ ಹೋಗಿ ಬಂದರು. ಬಸ್ ನಿಲ್ಲತೊಡಗಿತು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಹಾಕಿದ ಗೇಲಿಚಿತ್ರದಿಂದ ಮರುದಿನ ಒಬ್ಬ ಹುಡುಗ ತರಗತಿಗೆ ಬರದಿದ್ದಾಗಲೂ ಎರಡೂ ಮನೆಯವರನ್ನು ಕರೆಸಿದೆ.

ಹೆಣ್ಣುಮಕ್ಕಳ ಮೇಲಿನ ದೂರುಗಳು ಮಾತ್ರ ಬೇರೆಯೇ ಜಾತಿಯವು. ನಾನು ಕಂಡಂತೆ ಅವನ್ನು ತರುತ್ತಿದ್ದವರು ತಂದೆ ತಾಯಿಗಳಲ್ಲ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಡಿಕೆ ಸುಲಿಯುವ ಚಪ್ಪರದಲ್ಲಿ ಪಕ್ಕದ ಮನೆಯ ಹುಡುಗನೊಡನೆ ನಗುತ್ತಾ ಮಾತಾಡುತ್ತಾಳೆ, ಎಚ್ಚರಿಕೆ ಕೊಡಿ ಎಂದು ಊರ ಹಿರಿಯರೊಬ್ಬರು ಬಂದಿದ್ದರು. ಅದು ಅವರ ಮನೆಯ ಚಪ್ಪರ, ಶಾಲೆಯ ಜಗಲಿಯಲ್ಲ ಎಂದು ಚಹಾ ಕೊಟ್ಟು ಕಳಿಸಿದೆ. ಆದರೆ ಅವಳು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವುದನ್ನು ನಾನೂ ಗಮನಿಸಿದ್ದೆ. ಕೇಳಿದರೆ, ಸುಲಿತ ಮುಗಿಯುವಾಗ ರಾತ್ರಿ ಹನ್ನೆರಡಾಗುತ್ತದೆ ಎಂದಳು. ಅವಳ ತಂದೆಯನ್ನು ಕಂಡು, ಪರೀಕ್ಷೆಯ ವರ್ಷ, ಒಂಬತ್ತಕ್ಕೆ ಸುಲಿತದಿಂದ ಎಬ್ಬಿಸಿ ಕಳಿಸಿ ಎಂದು ಕೇಳಿಕೊಂಡೆ. ಆಳು ಸಿಗುವುದಿಲ್ಲ, ಹನ್ನೊಂದಾದರೂ ಬೇಕು ಎಂದರು. ಕೊನೆಗೆ ಹತ್ತಕ್ಕೆ ಒಪ್ಪಿದರು.