ಬರಲಿರುವ ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್‌ಗೆ ಶಿವಮೊಗ್ಗದ ಆನ್‌ರೋಡ್ ಬೆಲೆ ಅಂದಾಜು ಹಾಕುವ ಬಗೆ

ಹೊಸ ಹಾಟ್ ಹ್ಯಾಚ್ (ಹೆಚ್ಚು ಶಕ್ತಿಯ ಎಂಜಿನ್ ಹಾಕಿದ ಸಣ್ಣ ಹ್ಯಾಚ್‌ಬ್ಯಾಕ್ ಕಾರು) ಒಂದರ ಸುದ್ದಿ ಬಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಪವರ್. 120 ಪಿಎಸ್ (ಎಂಜಿನ್ ಶಕ್ತಿಯ ಅಳತೆ) ಇದ್ದರೆ ಇಷ್ಟು, 150 ಇದ್ದರೆ ಅಷ್ಟು ಎಂದು ಬೆಲೆ ಹೇಳಿಬಿಡುತ್ತಾರೆ. ಈ ದಾರಿಯಲ್ಲಿ ಹೋದರೆ ಅಂದಾಜು ಒಂದೆರಡು ಲಕ್ಷ ಆಚೀಚೆ ಆಗುವುದು ಖಂಡಿತ. ಭಾರತದಲ್ಲಿ ಸಣ್ಣ ಕಾರಿನ ಬೆಲೆಯನ್ನು ಎರಡು ಗೆರೆಗಳು ಕಟ್ಟಿಹಾಕಿವೆ: ಒಂದು 1200 ಸಿಸಿ ಎಂಜಿನ್ ಗಾತ್ರದ್ದು, ಇನ್ನೊಂದು 10 ಲಕ್ಷ ಬೆಲೆಯದು. ಮೊದಲನೆಯದು ದೇಶಕ್ಕೆಲ್ಲ ಒಂದೇ. ಎರಡನೆಯದರ ಬಿಸಿ ಕರ್ನಾಟಕದಲ್ಲಿ ಗಾಡಿ ನೋಂದಾಯಿಸುವವರಿಗೆ ಚೆನ್ನಾಗಿಯೇ ತಟ್ಟುತ್ತದೆ. ಈ ಎರಡು ಗೆರೆ ಹಿಡಿದು ಹೊರಟರೆ, ಬಿಡುಗಡೆಗೆ ತಿಂಗಳುಗಳ ಮೊದಲೇ, ಶಿವಮೊಗ್ಗದ ಕೆಎ-14 ಪ್ಲೇಟ್ ಬೀಳುವ ಹೊತ್ತಿಗೆ ಕೈಯಿಂದ ಎಷ್ಟು ಹೋಗುತ್ತದೆ ಎಂದು ಹತ್ತಿರತ್ತಿರ ಹೇಳಬಹುದು.

ಸಿಸಿ ಮತ್ತು ಉದ್ದ ಮೊದಲು

ಕಂಪನಿ ಬೆಲೆ ಮುಚ್ಚಿಡುತ್ತದೆ. ಎಂಜಿನ್ ಗಾತ್ರ ಮತ್ತು ಉದ್ದವನ್ನು ಮಾತ್ರ ಬಹಳ ದಿನ ಮುಚ್ಚಿಡಲು ಆಗುವುದಿಲ್ಲ. ಅವೆರಡು ಸಿಕ್ಕರೆ ಜಿಎಸ್‌ಟಿ ಎಷ್ಟೆಂದು ಗೊತ್ತಾಯಿತು. ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ, ಉದ್ದ 4000 ಮಿಲಿಮೀಟರ್ ಒಳಗೆ, ಎರಡೂ ಕೂಡಿ ಬಂದರೆ ಶೇ 18. ಒಂದು ತಪ್ಪಿದರೂ ಶೇ 40. ಈ ದರಗಳು 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿವೆ.

ಟಾಟಾ ಆಲ್ಟ್ರೋಜ್ ರೇಸರ್ 1199 ಸಿಸಿ, ಹ್ಯುಂಡೈ ಐ20 ಎನ್ ಲೈನ್ 998 ಸಿಸಿ, ಅದಕ್ಕೂ ಹಿಂದಿನ ಬಲೆನೊ ಆರ್‌ಎಸ್ ಕೂಡ 998 ಸಿಸಿ. ಮೂರೂ ಗೆರೆಯ ಒಳಗೇ ಉಳಿದದ್ದು ಆಕಸ್ಮಿಕವಲ್ಲ. ಗೆರೆ ದಾಟಿದ ಉದಾಹರಣೆ 2015ರ ಅಬಾರ್ತ್ ಪುಂಟೊ: 1368 ಸಿಸಿ ಟಿ-ಜೆಟ್ ಟರ್ಬೊ ಎಂಜಿನ್, 145 ಬಿಎಚ್‌ಪಿ (ಪಿಎಸ್‌ನಂಥದೇ ಶಕ್ತಿಯ ಅಳತೆ). ಉದ್ದ ನಾಲ್ಕು ಮೀಟರ್ ಒಳಗಿದ್ದರೂ ಎಂಜಿನ್ ದೆಸೆಯಿಂದ ಅದಕ್ಕೆ ಆಗಿನ ಸಣ್ಣ ಕಾರಿನ ತೆರಿಗೆ ರಿಯಾಯಿತಿ ಸಿಗಲಿಲ್ಲ.

ಹಳೆಯ ಪದ್ಧತಿಯಲ್ಲಿ ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29, ಅದೇ ಉದ್ದದ 1.5 ಲೀಟರ್ ಪೆಟ್ರೋಲ್ ಕಾರಿಗೆ ಶೇ 45 ಇತ್ತು. ನಡುವೆ 16ರ ಅಂತರ. ಈಗ 18 ಮತ್ತು 40, ಅಂದರೆ 22ರ ಅಂತರ. ತೆರಿಗೆ ಇಳಿದ ಖುಷಿಯಲ್ಲಿ ಈ ಅಂಶ ಹಲವರ ಕಣ್ಣಿಗೆ ಬಿದ್ದಿಲ್ಲ: ದೊಡ್ಡ ಎಂಜಿನ್ ಹಾಕಿದ ಸಣ್ಣ ಹ್ಯಾಚ್, ತನ್ನ ಎದುರಾಳಿಗೆ ಹೋಲಿಸಿದರೆ, ಮೊದಲಿಗಿಂತ ಈಗ ಹೆಚ್ಚು ದುಬಾರಿ. ತೆರಿಗೆ ಇಲ್ಲದ ಬೆಲೆ 8.50 ಲಕ್ಷ ಎಂದಿಟ್ಟುಕೊಳ್ಳಿ. ಶೇ 18ಕ್ಕೆ ಅದು 10.03 ಲಕ್ಷ, ಶೇ 40ಕ್ಕೆ 11.90 ಲಕ್ಷ. ‘1.5 ಟರ್ಬೊ ಹಾಕಿ 10 ಲಕ್ಷಕ್ಕೆ ಕೊಡ್ತಾರಂತೆ’ ಎಂಬ ಸುದ್ದಿ ಬಂದರೆ ಈ ಒಂದು ಲೆಕ್ಕ ಸಾಕು, ಅದನ್ನು ಪಕ್ಕಕ್ಕಿಡಬಹುದು.

ಹಳೆಯ ಬೆಲೆಯನ್ನು ಇಂದಿನದಕ್ಕೆ ತನ್ನಿ

ಹೋಲಿಕೆಗೆ ಹಿಂದಿನ ಕಾರುಗಳ ಬೆಲೆ ಬೇಕೇ ಬೇಕು. ಆದರೆ 2025ರ ಸೆಪ್ಟೆಂಬರ್‌ಗಿಂತ ಮೊದಲಿನ ಬೆಲೆಯನ್ನು ಹಾಗೆಯೇ ಎತ್ತಿಕೊಂಡರೆ ಲೆಕ್ಕ ಕೆಡುತ್ತದೆ. ಜಿಎಸ್‌ಟಿ ಬಂದ ಮೇಲಿನ ಸಣ್ಣ ಪೆಟ್ರೋಲ್ ಕಾರಾದರೆ ಹಳೆಯ ಎಕ್ಸ್ ಶೋರೂಮ್ ಬೆಲೆಯನ್ನು (ನೋಂದಣಿ ತೆರಿಗೆ, ವಿಮೆ ಸೇರದ ಬೆಲೆ) 1.29ರಿಂದ ಭಾಗಿಸಿ, ಬಂದದ್ದನ್ನು 1.18ರಿಂದ ಗುಣಿಸಿ.

ಆಲ್ಟ್ರೋಜ್ ರೇಸರ್ 2024ರ ಜೂನ್‌ನಲ್ಲಿ ಬಂದಾಗ ಅದರ ಮೂರು ವೇರಿಯಂಟ್‌ಗಳಲ್ಲಿ ಆರ್1 9.49 ಲಕ್ಷ, ಆರ್2 10.49 ಲಕ್ಷ, ಆರ್3 10.99 ಲಕ್ಷ ಇತ್ತು. ಇಂದಿನ ತೆರಿಗೆಗೆ ತಂದರೆ ಆರ್1 ಸುಮಾರು 8.68, ಆರ್2 9.60, ಆರ್3 10.05 ಲಕ್ಷ. 120 ಪಿಎಸ್ ಮಟ್ಟದ ಹೊಸ ಹ್ಯಾಚ್ ಯಾವುದೇ ಬಂದರೂ ಅದು ನಿಲ್ಲಬೇಕಾದ ಅಂಗಳ ಇದೇ. ಕಬ್ಬಿಣ, ಬಿಡಿಭಾಗಗಳ ದರ ಏರಿದ್ದಕ್ಕೆ ಮೇಲೆ ಒಂದಿಷ್ಟು ಸೇರಿಸಿಕೊಳ್ಳಿ.

ಸಾದಾ ಮಾಡೆಲ್ ಮೇಲೆ ಎಷ್ಟು

ಮುಂದಿನ ಪ್ರಶ್ನೆ: ಆ ಕಾರಿನ ಸಾದಾ ಮಾಡೆಲ್‌ನಲ್ಲಿ ಅದೇ ಟರ್ಬೊ ಎಂಜಿನ್ ಈಗಾಗಲೇ ಇದೆಯೇ? ಇದ್ದರೆ ಪರ್ಫಾರ್ಮೆನ್ಸ್ ಆವೃತ್ತಿಗೆ ಬೀಳುವ ಹೆಚ್ಚುವರಿ ಖರ್ಚು ಗಟ್ಟಿ ಸಸ್ಪೆನ್ಷನ್, ಹಿಂದಿನ ಡಿಸ್ಕ್ ಬ್ರೇಕ್, ಎಕ್ಸಾಸ್ಟ್, ಸೀಟಿನ ಬಟ್ಟೆ, ಸ್ಟಿಕ್ಕರ್ ಇಷ್ಟೇ. ಸಮಾನ ವೇರಿಯಂಟ್ ಮೇಲೆ ಶೇ 5ರಿಂದ 8 ಹಿಡಿಯಿರಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಆ ಕಾರಿಗೇ ಹೊಸದಾದರೆ ಶೇ 12ರಿಂದ 15 ಹಿಡಿಯುವುದು ಕ್ಷೇಮ. ಇದು ಕಟ್ಟುನಿಟ್ಟಿನ ಸೂತ್ರವಲ್ಲ, ಕೈಅಳತೆ.

ವೇರಿಯಂಟ್ ಪಟ್ಟಿ ಓದುವಾಗ ಒಂದು ಎಚ್ಚರ ಬೇಕು. ಮೇಲಿನ ವೇರಿಯಂಟ್‌ನಲ್ಲಿ ಬೆಲೆ ಏರಿಸುವುದು ಸಾಮಾನ್ಯವಾಗಿ ಕ್ಯಾಮೆರಾ, ಸನ್‌ರೂಫ್, ಗಾಳಿ ಬೀಸುವ ಸೀಟು; ಎಂಜಿನ್ ಅದೇ ಇರುತ್ತದೆ. ರೇಸರ್‌ನ ಆರ್1ರಲ್ಲೂ ಆರ್3ರಲ್ಲೂ ಇದ್ದದ್ದು ಒಂದೇ 120 ಪಿಎಸ್, ಒಂದೇ ಆರು ಗೇರಿನ ಮ್ಯಾನ್ಯುವಲ್. ಓಡಿಸುವ ಸುಖಕ್ಕೆ ಕೊಳ್ಳುವವರು ಕೆಳಗಿನ ವೇರಿಯಂಟ್‌ನ ಬೆಲೆಯನ್ನೇ ಅಂದಾಜಿಸಬೇಕು. ಅದು ಹತ್ತು ಲಕ್ಷದ ಒಳಗಿದ್ದರೆ ಎಷ್ಟು ಉಳಿಯುತ್ತದೆ ಎಂಬುದು ಮುಂದಿನ ಲೆಕ್ಕದಲ್ಲಿದೆ.

ಹತ್ತು ಲಕ್ಷದ ಗೆರೆ

ಕರ್ನಾಟಕದಲ್ಲಿ ಖಾಸಗಿ ಪೆಟ್ರೋಲ್, ಡೀಸೆಲ್ ಕಾರಿನ ಜೀವಿತಾವಧಿ ತೆರಿಗೆ ಹಂತ ಹಂತವಾಗಿದೆ: 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಈ ತೆರಿಗೆಯ ಮೇಲೆ ಶೇ 11 ಸೆಸ್. ಹಾಗಾಗಿ ನಿಜವಾಗಿ ಕಟ್ಟುವುದು 5ರಿಂದ 10 ಲಕ್ಷದೊಳಗೆ ಶೇ 15.54, ದಾಟಿದರೆ ಶೇ 18.87, 20 ಲಕ್ಷ ದಾಟಿದರೆ ಶೇ 19.98.

ಇಲ್ಲೇ ಬಹಳ ಜನ ತಪ್ಪುವುದು. ಆದಾಯ ತೆರಿಗೆಯ ಹಾಗೆ, ಗೆರೆ ದಾಟಿದ ಭಾಗಕ್ಕೆ ಮಾತ್ರ ಹೊಸ ದರ ಎಂದುಕೊಳ್ಳುತ್ತಾರೆ. ಹಾಗಲ್ಲ, ಇಡೀ ಬೆಲೆಗೆ ಹೊಸ ದರ. 9,99,000 ರೂಪಾಯಿಯ ಕಾರಿಗೆ ತೆರಿಗೆ 1,55,245. 10,01,000ದ ಕಾರಿಗೆ 1,88,889. ಬೆಲೆಯಲ್ಲಿ ಎರಡು ಸಾವಿರ ವ್ಯತ್ಯಾಸ, ತೆರಿಗೆಯಲ್ಲಿ 33 ಸಾವಿರಕ್ಕೂ ಮೇಲೆ. ಇದರ ಜೊತೆಗೆ 10 ಲಕ್ಷ ದಾಟಿದ ಕಾರಿಗೆ ಶೇ 1 ಟಿಸಿಎಸ್ (ಮಾರುವವರು ಬಿಲ್ಲಿನಲ್ಲೇ ವಸೂಲು ಮಾಡುವ ಆದಾಯ ತೆರಿಗೆ). ರಿಟರ್ನ್ ಸಲ್ಲಿಸುವವರಿಗೆ ಅದು ವಜಾ ಆಗುತ್ತದೆ, ಆದರೆ ಬಿಲ್ಲಿನ ದಿನ ಕೈಯಿಂದ ಹೋಗಿಯೇ ಹೋಗುತ್ತದೆ. ಕೃಷಿ ಆದಾಯವೊಂದೇ ಇದ್ದು ರಿಟರ್ನ್ ಸಲ್ಲಿಸದ ತೋಟದ ಮನೆಯವರು ಆ ಹಣ ವಾಪಸು ಪಡೆಯಲು ರಿಟರ್ನ್ ಸಲ್ಲಿಸಲೇಬೇಕು. ಬಿಲ್ಲಿನಲ್ಲಿ ಪ್ಯಾನ್ ಸಂಖ್ಯೆ ಸರಿ ಇದೆಯೇ ಎಂದು ಅಂದೇ ನೋಡಿಕೊಳ್ಳಿ.

ರೇಸರ್‌ನ ಬಿಡುಗಡೆಯ ಬೆಲೆಗೆ ಇದನ್ನು ಹಚ್ಚಿ ನೋಡಿ. ಆರ್1ಕ್ಕಿಂತ ಆರ್2 ಶೋರೂಮ್ ಬೆಲೆಯಲ್ಲಿ ಒಂದು ಲಕ್ಷ ಹೆಚ್ಚು. ಆರ್1ರ ತೆರಿಗೆ 1,47,475. ಆರ್2ರದು 1,97,946, ಮೇಲೆ 10,490 ಟಿಸಿಎಸ್. ಒಂದು ಲಕ್ಷದ ಅಂತರ ಮನೆಗೆ ಬರುವ ಹೊತ್ತಿಗೆ 1.61 ಲಕ್ಷ ಆಗುತ್ತದೆ.

ಇದರಿಂದ ಹುಟ್ಟುವ ಇನ್ನೊಂದು ವಿಚಿತ್ರವಿದೆ. ವಿಮೆ ಮತ್ತು ಚಿಲ್ಲರೆ ಖರ್ಚಿಗೆ 50 ಸಾವಿರ ಇಟ್ಟರೆ, ಸರಿಯಾಗಿ 10 ಲಕ್ಷದ ಕಾರು ರಸ್ತೆಗೆ ಇಳಿಯುವುದು ಸುಮಾರು 12.05 ಲಕ್ಷಕ್ಕೆ. ಅದಕ್ಕಿಂತ ಒಂದೇ ರೂಪಾಯಿ ಹೆಚ್ಚಾದರೂ 12.49 ಲಕ್ಷ. ನಡುವಿನ ಸುಮಾರು 43 ಸಾವಿರದಲ್ಲಿ ಯಾವ ಕಾರೂ ಇರಲಾರದು. ನಿಮ್ಮ ಬಜೆಟ್ 12.30 ಲಕ್ಷ ಎಂದರೆ ನೀವು ನೋಡುತ್ತಿರುವುದು ಹತ್ತು ಲಕ್ಷದೊಳಗಿನ ಕಾರನ್ನೇ. ಕಂಪನಿಗಳಿಗೂ ಹತ್ತರ ಅಂಕಿಯ ಭಯ ಇದೆ. 2023ರಲ್ಲಿ ಹೊಸ ರೂಪದ ಐ20 ಎನ್ ಲೈನ್ ಶುರುವಾದದ್ದು 9.99 ಲಕ್ಷಕ್ಕೆ. ನಿಮ್ಮ ಲೆಕ್ಕ 10.05, 10.10 ಎಂದು ಬಂದರೆ ಅಂದಾಜನ್ನು 9.99ಕ್ಕೆ ಇಳಿಸಿ. 10.40 ಬಂದರೆ ಇಳಿಸಬೇಡಿ, ಅಷ್ಟು ದೂರದಿಂದ ಯಾರೂ ಕೆಳಗೆ ಜಿಗಿಯುವುದಿಲ್ಲ.

ತಲೆಕೆಳಗಾದ ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. ಕೈಯಲ್ಲಿರುವ ಹಣದಿಂದ 50 ಸಾವಿರ ಕಳೆಯಿರಿ. ಉಳಿದದ್ದನ್ನು 1.1554ರಿಂದ ಭಾಗಿಸಿ, ಉತ್ತರ 10 ಲಕ್ಷದೊಳಗಿದ್ದರೆ ಅದೇ ನಿಮ್ಮ ಶೋರೂಮ್ ಬೆಲೆಯ ಮಿತಿ. ಮೀರಿದರೆ ತೆರಿಗೆ ಮತ್ತು ಟಿಸಿಎಸ್ ಎರಡೂ ಸೇರಿರುವ 1.1987ರಿಂದ ಮತ್ತೆ ಭಾಗಿಸಿ. ಅದು 10ಕ್ಕಿಂತ ಕೆಳಗೆ ಬಂದರೆ ನೀವು ಆ ಖಾಲಿ ಜಾಗದಲ್ಲಿದ್ದೀರಿ, ಮಿತಿ 10 ಲಕ್ಷವೇ.

ವಿಮೆ ಮತ್ತು ಚಿಲ್ಲರೆ

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1000 ಸಿಸಿ ಒಳಗೆ 6,521 ರೂ., 1000ದಿಂದ 1500 ಸಿಸಿಗೆ 10,640, ಅದರ ಮೇಲೆ 24,596. ಇದಕ್ಕೆ ಜಿಎಸ್‌ಟಿ ಬೇರೆ. ಒಂದು ಲೀಟರ್ ಟರ್ಬೊ ಇಲ್ಲೂ ಸ್ವಲ್ಪ ಉಳಿಸುತ್ತದೆ. ಸ್ವಂತ ಹಾನಿಯ ವಿಮೆಯಲ್ಲಿ ಬೆಂಗಳೂರು ‘ಎ’ ವಲಯ, ಶಿವಮೊಗ್ಗ ‘ಬಿ’ ವಲಯ. ನಮ್ಮದು ಅಷ್ಟಿಷ್ಟು ಅಗ್ಗ. ಜೀರೋ ಡೆಪ್ರಿಸಿಯೇಷನ್ (ಬಿಡಿಭಾಗದ ಸವಕಳಿ ಕಳೆಯದೆ ಪರಿಹಾರ ಕೊಡುವ ವಿಮೆ) ಸೇರಿಸಿ 35ರಿಂದ 50 ಸಾವಿರ ಇಟ್ಟುಕೊಂಡರೆ ಸಾಕು. ಶೋರೂಮ್‌ನವರು ಕೊಟ್ಟ ವಿಮೆಯನ್ನೇ ತೆಗೆದುಕೊಳ್ಳಬೇಕೆಂಬ ನಿಯಮ ಇಲ್ಲ. ನೋಂದಣಿ ಶುಲ್ಕ 600, ಸಾಲ ಇದ್ದರೆ ಹೈಪೋಥಿಕೇಷನ್‌ಗೆ (ಆರ್‌ಸಿಯಲ್ಲಿ ಸಾಲದ ನಮೂದು) 1,500. ‘ಹ್ಯಾಂಡ್ಲಿಂಗ್ ಚಾರ್ಜ್’ ಎಂದು ಬರೆದಿದ್ದರೆ ಅದನ್ನು ಹೊಡೆದುಹಾಕಿಸಿ. ಅದು ಯಾವ ಸರ್ಕಾರಿ ಶುಲ್ಕವೂ ಅಲ್ಲ.

ಸಾಗರದ ಕೆಎ-15 ಆಗಲಿ, ಚಿಕ್ಕಮಗಳೂರಿನ ಕೆಎ-18 ಆಗಲಿ ತೆರಿಗೆ ಒಂದೇ. ಮಂಗಳೂರಿನಲ್ಲಿ ಕೊಂಡು ಶಿವಮೊಗ್ಗದಲ್ಲಿ ನೋಂದಾಯಿಸಿದರೆ ತೆರಿಗೆಯಲ್ಲಿ ಏನೂ ಉಳಿಯುವುದಿಲ್ಲ, ಉಳಿದರೆ ಡೀಲರ್ ಕೊಡುವ ರಿಯಾಯಿತಿಯಲ್ಲಿ ಮಾತ್ರ.

ಹೊರದೇಶದಿಂದ ಪೂರ್ತಿ ತಯಾರಾಗಿ ಬರುವುದಾದರೆ

ಇಂಗ್ಲೆಂಡಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ದುಪ್ಪಟ್ಟು ಮಾಡುವುದು ರೂಢಿಯಾಗಿಬಿಟ್ಟಿದೆ. ತಪ್ಪು ಎರಡು ಕಡೆ. ಅಲ್ಲಿನ ಬೆಲೆಯಲ್ಲಿ ಶೇ 20 ವ್ಯಾಟ್ ಸೇರಿದೆ, ಅದನ್ನು ತೆಗೆಯಲು 1.2ರಿಂದ ಭಾಗಿಸಬೇಕು. ಎರಡನೆಯದಾಗಿ, ಕಂಪನಿ ತನ್ನದೇ ಭಾರತೀಯ ಶಾಖೆಗೆ ಕಳಿಸುವ ಬೆಲೆ ಅಲ್ಲಿನ ಅಂಗಡಿ ಬೆಲೆಗಿಂತ ಬಹಳ ಕೆಳಗಿರುತ್ತದೆ.

ಹಿಂದಿನಿಂದ ಲೆಕ್ಕ ಹಾಕಿದರೆ ಇದು ಕಾಣುತ್ತದೆ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 2025ರ ಮೇ ತಿಂಗಳಲ್ಲಿ ಸುಮಾರು 53 ಲಕ್ಷಕ್ಕೆ ಬಂತು: 2.0 ಲೀಟರ್, 265 ಪಿಎಸ್. ಆಮದು ಸುಂಕ ಶೇ 70, ಆ ಮೊತ್ತದ ಮೇಲೆ ಆಗಿನ ಜಿಎಸ್‌ಟಿ ಮತ್ತು ಸೆಸ್ ಶೇ 48. ಗುಣಿಸಿದರೆ 2.516. ಭಾಗಿಸಿದಾಗ ಸಿಗುವುದು ಸುಮಾರು 21 ಲಕ್ಷ, ಅದರಲ್ಲೂ ಇಲ್ಲಿನ ಡೀಲರ್ ಪಾಲು ಸೇರಿದೆ. ಈಗಿನ ಶೇ 40ರಲ್ಲಿ ಗುಣಕ 2.38. ವರ್ಷಕ್ಕೆ 2,500 ಗಾಡಿವರೆಗೆ ಇಲ್ಲಿ ಮತ್ತೆ ಪರೀಕ್ಷೆ ಮಾಡಿಸದೆ ತರಲು ಅವಕಾಶ ಇರುವುದರಿಂದಲೇ ಇಂಥ ಕಾರುಗಳು ಬರುತ್ತಿವೆ. ಸಂಖ್ಯೆ ತೀರಾ ಕಡಿಮೆ ಇದ್ದರೆ ಮೊದಲ ಬೆಲೆಯನ್ನು ನಂಬಿ ಓಡಬೇಡಿ. 2016ರಲ್ಲಿ 99 ಗಾಡಿಗಳಿಗೆಂದು ಬಂದ ಪೋಲೊ ಜಿಟಿಐ 25.99 ಲಕ್ಷ ಇತ್ತು, ಮರುವರ್ಷ 19.99 ಲಕ್ಷಕ್ಕೆ ಇಳಿಯಿತು.

ಘಾಟಿ ವಸೂಲು ಮಾಡುವ ಬೆಲೆ

ಶೋರೂಮ್ ಪಟ್ಟಿಯಲ್ಲಿ ಬರದ ಖರ್ಚು ಟೈರು. ಐ20 ಎನ್ ಲೈನ್‌ನ 195/55 ಆರ್16 ಟೈರಿನ ಪಕ್ಕೆಯ ಎತ್ತರ 107 ಮಿಲಿಮೀಟರ್, ಆಲ್ಟ್ರೋಜ್ ರೇಸರ್‌ನ 185/60 ಆರ್16 ಟೈರಿನದು 111. ಗಾಲ್ಫ್ ಜಿಟಿಐನ 225/40 ಆರ್18ಕ್ಕೆ ಉಳಿಯುವುದು 90 ಮಾತ್ರ. ಮಳೆಗಾಲದಲ್ಲಿ ತೀರ್ಥಹಳ್ಳಿ–ಆಗುಂಬೆ ದಾರಿಯಲ್ಲಿ ನೀರು ತುಂಬಿದ ಗುಂಡಿಯ ಅಂಚು ಕಾಣುವುದಿಲ್ಲ. ಪಕ್ಕೆ ಗಿಡ್ಡವಾದಷ್ಟೂ ಪೆಟ್ಟು ನೇರ ರಿಮ್ಮಿಗೆ, ಟೈರಿನ ಪಕ್ಕೆ ಉಬ್ಬಿತೆಂದರೆ ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ನಮ್ಮ ಕಡೆಗೆ ಅಂದಾಜು ಹಾಕುವಾಗ ಒಂದು ಹೆಚ್ಚುವರಿ ಟೈರಿನ ಬೆಲೆಯನ್ನು, ಸಾಧ್ಯವಾದರೆ ಟೈರ್ ಮತ್ತು ರಿಮ್ ವಿಮೆಯನ್ನು ಮೊದಲ ವರ್ಷದ ಖರ್ಚಿಗೆ ಸೇರಿಸಿ. ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಮಾತ್ರ ಕೊಡುತ್ತಾರೋ ಎಂದು ಬುಕಿಂಗ್‌ಗೆ ಮೊದಲೇ ಕೇಳಿ. ಆಗುಂಬೆಯ 14 ತಿರುವುಗಳ ನಡುವೆ, ಕತ್ತಲಲ್ಲಿ, ಹರಿದ ಟೈರಿಗೆ ಕಿಟ್‌ನಿಂದ ಏನೂ ಆಗುವುದಿಲ್ಲ.

ಮ್ಯಾನ್ಯುವಲ್ ಮತ್ತು ಡಿಸಿಟಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ನಡುವೆ ಒಂದು ಲಕ್ಷದ ಆಸುಪಾಸು ವ್ಯತ್ಯಾಸ ಇಟ್ಟುಕೊಳ್ಳಿ. ಆ ವ್ಯತ್ಯಾಸವೇ ಕಾರನ್ನು ಹತ್ತರ ಗೆರೆ ದಾಟಿಸಿದರೆ ಅದು ಒಂದು ಲಕ್ಷವಾಗಿ ಉಳಿಯುವುದಿಲ್ಲ ಎಂಬುದು ಮೇಲಿನ ಲೆಕ್ಕದಿಂದ ಗೊತ್ತಾಗಿರುತ್ತದೆ.

ಇನ್ನು ಸಮಯ. ಬಿಡುಗಡೆಯ ಬೆಲೆಗೆ ‘ಆರಂಭಿಕ’ ಎಂಬ ಮಾತು ಅಂಟಿದ್ದರೆ ಅದು ಕೆಲವೇ ತಿಂಗಳ ಮಾತು. ಜನವರಿ ಮತ್ತು ಏಪ್ರಿಲ್ ಏರಿಕೆಯ ತಿಂಗಳುಗಳು. ಅಡಿಕೆ ಕೊಯ್ಲು ಮುಗಿದು ಮಂಡಿಯ ಹಣ ಕೈಗೆ ಬರುವುದು ಹೆಚ್ಚಾಗಿ ಈ ಏರಿಕೆಯ ನಂತರ. 9.99 ಲಕ್ಷಕ್ಕೆ ಬಂದ ಕಾರು ಜನವರಿಯಲ್ಲಿ ಶೇ 1 ಏರಿದರೂ 10.09 ಆಗುತ್ತದೆ, ಆನ್‌ರೋಡ್‌ನಲ್ಲಿ ಸುಮಾರು 55 ಸಾವಿರ ಹೆಚ್ಚು ತೆರಬೇಕಾಗುತ್ತದೆ. ದೀಪಾವಳಿಗೆ ಬುಕ್ ಮಾಡುವುದಾದರೆ, ಬೆಲೆ ನಿಗದಿಯಾಗುವುದು ಬುಕಿಂಗ್ ದಿನಕ್ಕೋ ಬಿಲ್ಲಿನ ದಿನಕ್ಕೋ ಎಂದು ಬರಹದಲ್ಲಿ ಪಡೆಯಿರಿ, ಮುಂಗಡ ವಾಪಸು ಸಿಗುವ ಷರತ್ತನ್ನೂ ಅದೇ ಹಾಳೆಯಲ್ಲಿ ಬರೆಸಿ.