ಹರಾಜಿನ ಪುಟ ತಾನೇ ರಿಫ್ರೆಶ್ ಆಗಲಿ, ಬಿಡ್ ಮಾತ್ರ ನಾನೇ ಹಾಕುತ್ತೇನೆ

ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸು. ಈ ತಾಮ್ರದ ನಾಣ್ಯಗಳು ಅಂದ್ರೆ ನನಗೆ ಪ್ರಾಣ. ಡೊಂಬಿವಲಿಯಲ್ಲಿ ಇದ್ದುಕೊಂಡು ಇವನ್ನು ಹುಡುಕುವುದಕ್ಕೆ ಫೋರ್ಟ್ ಕಡೆಯ ಅಂಗಡಿಗಳಿವೆ, ಮುಂಬೈಯಲ್ಲೇ ನಡೆಯುವ ನಾಣ್ಯದ ಹರಾಜುಗಳಿವೆ. ಆದರೆ ನನಗೆ ಜಾಸ್ತಿ ಸಿಕ್ಕಿದ್ದು ಇಬೇ ಅನ್ನುವ ಆನ್‌ಲೈನ್ ಹರಾಜಿನ ಸೈಟಿನಲ್ಲಿ. ಇಬೇಯ ಭಾರತದ ಸೈಟು 2018ರಲ್ಲಿ ಮುಚ್ಚಿತು. ಆಮೇಲೆ ಬ್ರಿಟನ್, ಅಮೆರಿಕದ ಸೈಟುಗಳನ್ನೇ ನೋಡುತ್ತಾ ಬಂದಿದ್ದೇನೆ. ಅಲ್ಲಿಯ ಹರಾಜು ಮುಗಿಯುವುದು ನಮ್ಮ ಅಪರಾತ್ರಿಗೆ ಇಲ್ಲಾ ಬೆಳಗಿನ ಲೋಕಲ್ ಹಿಡಿಯುವ ಹೊತ್ತಿಗೆ. ಹಾಗಾಗಿ ಪುಟ ತನ್ನಷ್ಟಕ್ಕೆ ರಿಫ್ರೆಶ್ ಆಗುವ ಹಾಗೆ ಇಡುವುದನ್ನು ಕಲಿತೆ. ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ. ನಾಣ್ಯವೇ ಆಗಬೇಕಿಲ್ಲ, ಅಂಚೆ ಚೀಟಿ, ಹಳೆ ಕ್ಯಾಮೆರಾ, ಗಡಿಯಾರ, ಯಾವುದಕ್ಕೂ ಇದೇ ಕೆಲಸಕ್ಕೆ ಬರುತ್ತದೆ.

ಮೊದಲು ಹೊತ್ತಿನ ಲೆಕ್ಕ, ಯಾಕಂದ್ರೆ ಅದು ತಪ್ಪಿದರೆ ಉಳಿದದ್ದೆಲ್ಲ ದಂಡ. ಅಮೆರಿಕದ ಇಬೇ ಪೆಸಿಫಿಕ್ ಸಮಯದಲ್ಲಿ, ಅಂದ್ರೆ ಅಲ್ಲಿಯ ಪಶ್ಚಿಮ ಕರಾವಳಿಯ ಸಮಯದಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ ನಾವು ಅದಕ್ಕಿಂತ ಹನ್ನೆರಡೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದೆ. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಭಾನುವಾರ ಸಂಜೆಗೆ ಹರಾಜು ಮುಗಿಸುವುದು ಅಲ್ಲಿಯ ಎಷ್ಟೋ ಮಾರಾಟಗಾರರಿಗೆ ಇಷ್ಟ, ಜನ ಮನೆಯಲ್ಲಿ ಇರುತ್ತಾರಲ್ವಾ. ಅವರ ಭಾನುವಾರ ಸಂಜೆ 7 ಗಂಟೆ ಅಂದ್ರೆ ನಮಗೆ ಸೋಮವಾರ ಬೆಳಿಗ್ಗೆ 7:30 ಇಲ್ಲವೇ 8:30. ಬ್ರಿಟನ್‌ನ ರಾತ್ರಿ 8 ಗಂಟೆ ನಮಗೆ ಬೇಸಿಗೆಯಲ್ಲಿ 12:30, ಚಳಿಗಾಲದಲ್ಲಿ 1:30. ನಾನು ನಮ್ಮ ಸಮಯವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಕಂಪ್ಯೂಟರಿನ ಗಡಿಯಾರವನ್ನೂ ಸೆಟ್ಟಿಂಗ್ಸ್‌ಗೆ ಹೋಗಿ ಒಮ್ಮೆ ಸಿಂಕ್ ಮಾಡುತ್ತೇನೆ.

ಇನ್ನು ಸಲಕರಣೆ. ಹಿಂದೆ ಫೈರ್‌ಫಾಕ್ಸ್‌ನಲ್ಲಿ ರೀಲೋಡ್‌ಎವೆರಿ ಅಂತ ಒಂದು ಆಡ್-ಆನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇತ್ತು. ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ ಇಷ್ಟು ಸೆಕೆಂಡು ಅಂದರೆ ಮುಗಿಯಿತು. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೆ ಬಗೆಯ ಆಡ್-ಆನ್‌ಗಳೆಲ್ಲ ನಿಂತವು. ಈಗ ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ಇಂಥ ಎಕ್ಸ್‌ಟೆನ್ಷನ್‌ಗಳು ಬೇಕಾದಷ್ಟಿವೆ. ಆದರೆ ಹಾಕಿಕೊಳ್ಳುವ ಮೊದಲು ಅದು ಕೇಳುವ ಅನುಮತಿ ಓದಿ. ನೀವು ನೋಡುವ ಎಲ್ಲ ಸೈಟಿನ ಮಾಹಿತಿಯನ್ನು ಓದುತ್ತೇನೆ, ಬದಲಿಸುತ್ತೇನೆ ಅನ್ನುವವೇ ಹೆಚ್ಚು. ಬ್ಯಾಂಕು, ಕಾರ್ಡು ಎಲ್ಲ ಅದೇ ಬ್ರೌಸರಿನಲ್ಲಿ ಇರುವಾಗ ಇದು ಸಣ್ಣ ಮಾತಲ್ಲ. ಅದಕ್ಕೇ ನನಗೆ ವಿವಾಲ್ಡಿ ಬ್ರೌಸರ್ ಇಷ್ಟ. ಅದರಲ್ಲಿ ಟ್ಯಾಬನ್ನು ಇಷ್ಟಿಷ್ಟು ಹೊತ್ತಿಗೆ ರೀಲೋಡ್ ಮಾಡುವ ಸೌಲಭ್ಯ ಒಳಗೇ ಇದೆ, ಹೊರಗಿನದ್ದೇನೂ ಬೇಡ.

ಇದರಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಒಂದಿದೆ. ನೋಡುವ ಬ್ರೌಸರ್ ಬೇರೆ, ಬಿಡ್ ಹಾಕುವ ಬ್ರೌಸರ್ ಬೇರೆ. ನೋಡುವ ಕಡೆ ಲಾಗಿನ್ ಆಗುವುದೇ ಇಲ್ಲ. ಬೆಲೆ, ಬಿಡ್‌ಗಳ ಸಂಖ್ಯೆ, ಉಳಿದ ಹೊತ್ತು ಎಲ್ಲ ಲಾಗಿನ್ ಇಲ್ಲದೆಯೂ ಕಾಣುತ್ತದೆ. ಬಿಡ್ ಹಾಕುವ ಕಡೆ ಆಟೋ ರಿಫ್ರೆಶ್ ಯಾವತ್ತೂ ಆನ್ ಮಾಡುವುದಿಲ್ಲ. ಕಾರಣ ಇಷ್ಟೇ: ಫಾರಂ ಕಳಿಸಿದ ಮೇಲೆ ಬರುವ ಪುಟವನ್ನು ರಿಫ್ರೆಶ್ ಮಾಡಿದರೆ ಬ್ರೌಸರ್ ಅದೇ ಫಾರಂ ಮತ್ತೆ ಕಳಿಸಲಾ ಅಂತ ಕೇಳುತ್ತದೆ, ಕೆಲವು ಎಕ್ಸ್‌ಟೆನ್ಷನ್‌ಗಳು ಕೇಳದೆ ಕಳಿಸಿಬಿಡಬಹುದು. ದುಡ್ಡಿನ ವಿಷಯದಲ್ಲಿ ಅಂಥ ಅನುಮಾನಕ್ಕೇ ಜಾಗ ಕೊಡಬಾರದು.

ಎಷ್ಟು ಸೆಕೆಂಡಿಗೆ ಒಮ್ಮೆ ಅಂತ ಎಲ್ಲರೂ ಕೇಳುತ್ತಾರೆ. ಹರಾಜು ಮುಗಿಯಲು ದಿನಗಟ್ಟಲೆ ಇರುವಾಗ ರಿಫ್ರೆಶ್ ಬೇಕಾಗಿಯೇ ಇಲ್ಲ, ಕಣ್ಣಿಟ್ಟ ವಸ್ತುಗಳನ್ನು ಸೈಟಿನಲ್ಲೇ ಗುರುತಿಟ್ಟುಕೊಳ್ಳುವ ವಾಚ್‌ಲಿಸ್ಟ್ ಸಾಕು. ಕೊನೆಯ ದಿನ ಅರ್ಧ ಗಂಟೆಗೊಮ್ಮೆ, ಕೊನೆಯ ಗಂಟೆಯಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ, ಕೊನೆಯ ಹತ್ತು ನಿಮಿಷ 30 ಸೆಕೆಂಡಿಗೊಮ್ಮೆ ಇಡುತ್ತೇನೆ. ಅದಕ್ಕಿಂತ ಜೋರು ಮಾಡಿದರೆ ಸೈಟಿಗೆ ನೀವು ಮನುಷ್ಯರಾ ಯಂತ್ರವಾ ಅಂತ ಸಂಶಯ ಬರುತ್ತದೆ. ಮನುಷ್ಯರೇ ಅಂತ ತೋರಿಸಿಕೊಡಬೇಕಾದ ಕ್ಯಾಪ್ಚಾ ಪರೀಕ್ಷೆ ಬರುತ್ತದೆ, ಇಲ್ಲವೇ 429 ಅನ್ನುವ ಸಂಖ್ಯೆ ತೋರಿಸಿ ತಡೆಯುತ್ತಾರೆ, ಅಂದ್ರೆ ಕೇಳಿದ್ದು ಅತಿಯಾಯಿತು ಅಂತ ಅರ್ಥ. ಹರಾಜು ಮುಗಿಯಲು ನಾಲ್ಕು ನಿಮಿಷ ಇರುವಾಗ ಅದು ಬಂದರೆ ಏನು ಮಾಡುತ್ತೀರಿ? ಡೇಟಾದ ಲೆಕ್ಕವೂ ಇದೆ. ಪುಟ 2 ಎಂಬಿ ಇದ್ದರೆ, 30 ಸೆಕೆಂಡಿಗೊಮ್ಮೆ ಅಂದ್ರೆ ಗಂಟೆಗೆ 120 ಸಲ, 240 ಎಂಬಿ. ನಾಲ್ಕು ಟ್ಯಾಬ್ ಇಟ್ಟರೆ ಒಂದು ಜಿಬಿ ಹತ್ತಿರ. ಫೋನಿನ ಹಾಟ್‌ಸ್ಪಾಟಿನಲ್ಲಿ ಇದ್ದರೆ ಚಿತ್ರಗಳನ್ನು ಬ್ಲಾಕ್ ಮಾಡಿ.

ಈ ವಿಷಯ ಕೋರ್ಟಿಗೂ ಹೋಗಿದೆ. ಬಿಡರ್ಸ್ ಎಡ್ಜ್ ಅನ್ನುವ ಕಂಪನಿ ಬೇರೆ ಬೇರೆ ಹರಾಜು ಸೈಟುಗಳ ಮಾಹಿತಿಯನ್ನು ಯಂತ್ರದಿಂದ ಎತ್ತಿ ಒಂದೇ ಕಡೆ ತೋರಿಸುತ್ತಿತ್ತು. ಇಬೇಯ ಸೈಟಿಗೆ ದಿನಕ್ಕೆ ಸುಮಾರು 1 ಲಕ್ಷ ಸಲ ಹೋಗುತ್ತಿತ್ತು. 2000ದಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮದು ಒಬ್ಬರ ಒಂದೆರಡು ಟ್ಯಾಬು, ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಆದರೂ ಸೈಟಿನ ನಿಯಮ ಓದಿ, ಹದದಲ್ಲಿ ಇರಿ.

ಟ್ಯಾಬನ್ನು ಹಿಂದೆ ಅಡಗಿಸಿಟ್ಟರೆ ಇನ್ನೊಂದು ತೊಂದರೆ. 2021ರ ಜನವರಿಯಲ್ಲಿ ಬಂದ ಕ್ರೋಮ್ 88ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಣ್ಣಿಗೆ ಕಾಣದೆ, ಸದ್ದೂ ಮಾಡದೆ ಇರುವ ಟ್ಯಾಬಿನ ಟೈಮರ್‌ಗಳು ನಿಮಿಷಕ್ಕೊಮ್ಮೆ ಮಾತ್ರ ಏಳುತ್ತವೆ. ಬ್ಯಾಟರಿ ಉಳಿಸಲು ಅದು ಒಳ್ಳೆಯದೇ. ಆದರೆ ಪುಟದೊಳಗಿನ ಕೌಂಟ್‌ಡೌನ್ ನಿಧಾನವಾಗುತ್ತದೆ. ಕ್ರೋಮಿನ ಮೆಮೊರಿ ಸೇವರ್ ಅನ್ನುವ ಸೌಲಭ್ಯ ಆನ್ ಇದ್ದರೆ ಟ್ಯಾಬ್ ಪೂರ್ತಿ ಮಲಗಿಬಿಡುತ್ತದೆ. ಹಾಗಾಗಿ ಹರಾಜಿನ ಪುಟವನ್ನು ಸಣ್ಣ ಬೇರೆ ಕಿಟಕಿಯಾಗಿ ಎಳೆದು ಪರದೆಯ ಮೂಲೆಯಲ್ಲಿ ಕಾಣುವ ಹಾಗೆ ಇಡುತ್ತೇನೆ. ಫೋನನ್ನು ಈ ಕೆಲಸಕ್ಕೆ ನಂಬುವುದೇ ಇಲ್ಲ.

ಸರಿ, ಪುಟ ರಿಫ್ರೆಶ್ ಆಗುತ್ತಿದೆ. ಅದರಲ್ಲಿ ನೋಡುವುದೇನು? ಬೆಲೆಗಿಂತ ಬಿಡ್ ಹಿಸ್ಟರಿ (ಯಾರು ಯಾವಾಗ ಎಷ್ಟು ಹಾಕಿದರು ಅನ್ನುವ ಪಟ್ಟಿ) ನನಗೆ ಮುಖ್ಯ, ನಾನು ರಿಫ್ರೆಶ್‌ಗೆ ಹಾಕುವ ಪುಟವೂ ಅದೇ. ಹೆಸರುಗಳನ್ನು ನಕ್ಷತ್ರದ ಗುರುತು ಹಾಕಿ ಮರೆಸಿರುತ್ತಾರೆ. ಆದರೆ ಒಬ್ಬನೇ ಅರ್ಧರ್ಧ ಡಾಲರ್ ಏರಿಸುತ್ತಾ ಐದಾರು ಸಲ ಬಂದಿದ್ದಾನೋ, ಇಬ್ಬರು ಅನುಭವಿಗಳು ಒಂದೊಂದೇ ಬಿಡ್ ಹಾಕಿ ಸುಮ್ಮನೆ ಕೂತಿದ್ದಾರೋ ಗೊತ್ತಾಗುತ್ತದೆ. ಮೊದಲನೆಯವನು ಸಾಮಾನ್ಯವಾಗಿ ಕೊನೆಗೆ ಸುಸ್ತಾಗುತ್ತಾನೆ. ಎರಡನೆಯವರಿಗೆ ವಸ್ತುವಿನ ಬೆಲೆ ಗೊತ್ತು, ಅವರೆದುರು ಅಗ್ಗಕ್ಕೆ ಸಿಗುತ್ತದೆ ಅನ್ನುವ ಆಸೆ ಬೇಡ.

ಇಬೇಯಲ್ಲಿ ನೀವು ಹಾಕುವುದು ನಿಮ್ಮ ಗರಿಷ್ಠ ಮೊತ್ತ. ಯಂತ್ರ ಬೇಕಾದಷ್ಟೇ ಏರಿಸುತ್ತದೆ. ನಾನು 52.37 ಡಾಲರ್ ಹಾಕಿ, ಎದುರಿನವನ ಗರಿಷ್ಠ 40 ಇದ್ದರೆ ಬೆಲೆ 41ಕ್ಕೆ ನಿಲ್ಲುತ್ತದೆ. ಯಾಕಂದ್ರೆ 25ರಿಂದ 99.99 ಡಾಲರ್‌ವರೆಗೆ ಏರಿಕೆಯ ಮೆಟ್ಟಿಲು 1 ಡಾಲರ್. ಇಬ್ಬರದ್ದೂ ಒಂದೇ ಮೊತ್ತ ಆದರೆ ಮೊದಲು ಹಾಕಿದವನಿಗೇ ಹೋಗುತ್ತದೆ, ಅದಕ್ಕೇ 50 ಅನ್ನುವ ಬದಲು 52.37 ಅನ್ನುವಂಥ ಚಿಲ್ಲರೆ ಮೊತ್ತ. ಈ ಗರಿಷ್ಠವನ್ನು ಹಿಂದಿನ ರಾತ್ರಿಯೇ ಕಾಗದದ ಮೇಲೆ ಬರೆಯುತ್ತೇನೆ. ಕಣ್ಣೆದುರು ಬೆಲೆ ಏರುತ್ತಾ ಇರುವಾಗ ಬುದ್ಧಿ ಕೈಕೊಡುತ್ತದೆ, ನಾಣ್ಯ ಸಂಗ್ರಹಿಸುವ ಎಲ್ಲರಿಗೂ ಇದು ಗೊತ್ತು. ಸೋಮವಾರ ಬೆಳಗಿನ ಹರಾಜುಗಳಿಗೆ ಮನೆ ಬಿಡುವ ಮೊದಲೇ ಗರಿಷ್ಠ ಹಾಕಿ ಹೊರಡುತ್ತೇನೆ. ಲೋಕಲ್‌ನಲ್ಲಿ ನೇತಾಡುತ್ತಾ ಫೋನಿನಲ್ಲಿ ಬಿಡ್ ಹಾಕುವುದು ಆಗದ ಮಾತು.

ಇಬೇಯಲ್ಲಿ ಹೊತ್ತು ಮುಗಿದರೆ ಮುಗಿಯಿತು. ಎಲ್ಲ ಕಡೆ ಹಾಗಿಲ್ಲ. ಮಾಟುಂಗದಲ್ಲಿ ಹೋಟೆಲ್ ನಡೆಸುವ ಪರಿಚಯದವರೊಬ್ಬರು ಹಳೆ ಸಾಮಾನು, ಗಾಡಿಗಳ ಇ-ಹರಾಜು ನೋಡುತ್ತಾರೆ. ಅಲ್ಲಿ ಕೊನೆಯ ನಿಮಿಷಗಳಲ್ಲಿ ಬಿಡ್ ಬಂದರೆ ಮುಗಿಯುವ ಸಮಯವೇ ಮುಂದೆ ಹೋಗುತ್ತದೆ. "ಕೊನೇ ಸೆಕೆಂಡಿಗೆ ಕಾಯೋದ್ರಲ್ಲಿ ಅರ್ಥ ಇಲ್ಲ ಮಾರಾಯ್ರೆ" ಅನ್ನುತ್ತಾರೆ, ಅದು ನಿಜ. ಇನ್ನು ಲೈವ್ ಹರಾಜಿನ ಪುಟಗಳಲ್ಲಿ ಬೆಲೆ ತಾನಾಗಿಯೇ ಬದಲಾಗುತ್ತದೆ. ಅಲ್ಲಿ ರಿಫ್ರೆಶ್ ಮಾಡಿದರೆ ಸಂಪರ್ಕ ಕಡಿದು ಮತ್ತೆ ಜೋಡಿಸಬೇಕು, ಆ ಹೊತ್ತಿನಲ್ಲಿ ಲಾಟ್, ಅಂದ್ರೆ ಹರಾಜಿಗಿಟ್ಟ ವಸ್ತು, ಬೇರೆಯವರಿಗೆ ಹೋಗಿಬಿಡಬಹುದು. ಮೊದಲು ಎರಡು ನಿಮಿಷ ಪುಟವನ್ನು ಮುಟ್ಟದೆ ನೋಡಿ. ಅಂಕಿ ತಾನೇ ಬದಲಾದರೆ ಆಟೋ ರಿಫ್ರೆಶ್ ಅಲ್ಲಿಗೆ ಬೇಡ.

ಹರಾಜಿನ ಪುಟಕ್ಕಿಂತ ಹುಡುಕಾಟದ ಪುಟವನ್ನು ರಿಫ್ರೆಶ್‌ಗೆ ಇಟ್ಟಾಗಲೇ ನನಗೆ ಒಳ್ಳೆಯ ನಾಣ್ಯ ಸಿಕ್ಕಿದ್ದು ಜಾಸ್ತಿ. ಹೊಸದಾಗಿ ಬಂದದ್ದು ಮೇಲೆ ಕಾಣುವಂತೆ ಜೋಡಿಸಿ ಇಪ್ಪತ್ತು ನಿಮಿಷಕ್ಕೊಮ್ಮೆ ಸಾಕು. ಬ್ರಿಟನ್‌ನ ಮಾರಾಟಗಾರರು ಟಿಪ್ಪು ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಪಿ ಹಾಕಿ, ಎರಡು ಪಿ ಹಾಕಿ, ಕೊನೆಗೆ ಎರಡು ಓ ಹಾಕಿ ಬರೆಯುತ್ತಾರೆ. ಪ್ರತಿ ಬರಹಕ್ಕೂ ಒಂದೊಂದು ಹುಡುಕಾಟ ಇಡಿ. ಮಯಿಲಿ ಕಾಸನ್ನು ಗುರುತಿಸದೆ ಬರೀ ಭಾರತದ ತಾಮ್ರದ ನಾಣ್ಯ ಅಂತ ಹಾಕುವವರೂ ಇದ್ದಾರೆ, ಆ ಹುಡುಕಾಟವೂ ಒಂದಿರಲಿ. ಪುಟದ ಒಂದು ಭಾಗ ಬದಲಾದರೆ ಮಾತ್ರ ಸದ್ದು ಮಾಡುವ ಡಿಸ್ಟಿಲ್‌ನಂಥ ಸಲಕರಣೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಗೆದ್ದರೂ ಸೋತರೂ ಮುಗಿದ ಬೆಲೆಯನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆಯುತ್ತೇನೆ, ಚಿತ್ರದ ಸಮೇತ. ಇಬೇಯ ಹುಡುಕಾಟದಲ್ಲಿ ಮಾರಾಟವಾದವು ಸುಮಾರು 90 ದಿನ ಮಾತ್ರ ಕಾಣುತ್ತವೆ, ಆಮೇಲೆ ನಮ್ಮ ಹಾಳೆಯೇ ಆಧಾರ. ಬೆಲೆಗೆ ಅಂಚೆ ಖರ್ಚು, ಕಸ್ಟಮ್ಸ್ ಎರಡನ್ನೂ ಸೇರಿಸಿ ಬರೆಯಿರಿ. ಮುಂದಿನ ಗರಿಷ್ಠ ಮೊತ್ತ ಬರುವುದು ಆ ಹಾಳೆಯಿಂದಲೇ.