ನೆಲ ಬಿಟ್ಟೊಡನೆ ಎಂಜಿನ್ ನಿಂತರೆ

ಒಂದೇ ಎಂಜಿನ್ನಿನ ಲಘು ವಿಮಾನ 400 ಅಡಿ ಏರಿದಾಗ ಎಂಜಿನ್ ಸ್ತಬ್ಧವಾದರೆ ನೆಲ ಮುಟ್ಟುವುದಕ್ಕೆ ಹೆಚ್ಚುಕಡಿಮೆ ಅರ್ಧ ನಿಮಿಷ ಉಳಿದಿರುತ್ತದೆ, ಅದರಲ್ಲೂ ಮೊದಲ ಕೆಲವು ಸೆಕೆಂಡುಗಳು ದಿಗಿಲಿಗೇ ಸಂದುಹೋಗುತ್ತವೆ. ಹಾಗಾಗಿ ನಿರ್ಧಾರಗಳನ್ನೆಲ್ಲ ನೆಲದ ಮೇಲೆಯೇ ಮುಗಿಸಿರಬೇಕು. ರನ್‌ವೇಯ ತುದಿಯಲ್ಲಿ ನಿಂತಾಗ, ಪಕ್ಕದ ಆಸನ ಖಾಲಿಯಿದ್ದರೂ ಸರಿಯೇ, ಬಾಯಿಬಿಟ್ಟು ಹೇಳಿಕೊಳ್ಳಿ: ಚಕ್ರ ಮೇಲೇಳುವ ಮುನ್ನ ಕೆಟ್ಟರೆ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಮುಚ್ಚಿ ಬ್ರೇಕ್ ಹಾಕುತ್ತೇನೆ, ಎದ್ದ ಮೇಲೂ ಮುಂದೆ ರನ್‌ವೇ ಉಳಿದಿದ್ದರೆ ಅಲ್ಲೇ ಇಳಿಸುತ್ತೇನೆ, ಅದೂ ಇಲ್ಲದಿದ್ದರೆ ಎದುರಿಗಿರುವ ಬಯಲಿಗೆ ಹೋಗುತ್ತೇನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನೂ ಸೇರಿಸಿಕೊಳ್ಳಿ.

ಎಂಜಿನ್ ನಿಂತ ಕ್ಷಣದಲ್ಲಿ ಮಾಡಬೇಕಾದ ಮೊದಲ ಕೆಲಸ ವಿಮಾನದ ಮೂತಿಯನ್ನು ತಗ್ಗಿಸುವುದು. ನೆಲ ಹತ್ತಿರವಿರುವಾಗ ಕೈ ತಾನಾಗಿ ಕಂಟ್ರೋಲನ್ನು ಹಿಂದಕ್ಕೆ ಎಳೆಯಲು ಬಯಸುತ್ತದೆ. ಆದರೆ ಏರುವ ಭಂಗಿಯಲ್ಲೇ ಉಳಿದ ವಿಮಾನ ಕೆಲವೇ ಸೆಕೆಂಡುಗಳಲ್ಲಿ ವೇಗ ಕಳೆದುಕೊಂಡು ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುತ್ತವೆ. ಸೆಸ್ನಾ 172ಎಸ್ ಎಂಬ ಲಘು ವಿಮಾನದ ಕೈಪಿಡಿ ಇಂಥ ಹೊತ್ತಿಗೆ ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಪಟ್ಟಿ) ಇಳಿಸದೆ 70 ನಾಟ್ (ಗಂಟೆಗೆ ಸುಮಾರು 130 ಕಿ.ಮೀ.) ವೇಗವನ್ನು ಸೂಚಿಸುತ್ತದೆ. ವೇಗ ಆ ಅಂಕಿಯಲ್ಲಿ ಸ್ಥಿರವಾಗುವವರೆಗೆ ರೇಡಿಯೊದ ಕಡೆಗೆ ಕೈ ಹೋಗಬಾರದು.

ನಂತರ ಬರುವುದು ರನ್‌ವೇಗೆ ಮರಳುವ ಆಸೆ. ಹಿಂದಿರುಗಿದರೆ ಎಲ್ಲವೂ ಸರಿಹೋಗುತ್ತದೆ ಎನ್ನಿಸುತ್ತದೆ, ಲೆಕ್ಕ ಮಾತ್ರ ಅದಕ್ಕೆ ಒಪ್ಪುವುದಿಲ್ಲ. 70 ನಾಟ್ ವೇಗದಲ್ಲಿ 45 ಡಿಗ್ರಿ ವಾಲಿಸಿ ಅರ್ಧ ಸುತ್ತು ತಿರುಗಿದರೂ ವಿಮಾನ ರನ್‌ವೇಯ ನೇರದಿಂದ ಸುಮಾರು 870 ಅಡಿ ಪಕ್ಕಕ್ಕೆ ಸರಿದಿರುತ್ತದೆ. ಆದ್ದರಿಂದ 180 ಡಿಗ್ರಿ ಸಾಲದು. ಇನ್ನಷ್ಟು ತಿರುಗಿ, ಮತ್ತೆ ಎದುರು ದಿಕ್ಕಿಗೆ ಹೊರಳಬೇಕಾಗುತ್ತದೆ. ಇದೇ ವಿಮಾನ ಮಟ್ಟಸವಾಗಿ ಹಾರುವಾಗ ಸ್ಟಾಲ್ ಆಗುವುದು 48 ನಾಟ್‌ಗೆ. ಎತ್ತರ ಬಿಟ್ಟುಕೊಡದೆ 45 ಡಿಗ್ರಿ ವಾಲಿದರೆ 57ಕ್ಕೆ, ಗಾಬರಿಯಲ್ಲಿ 60 ಡಿಗ್ರಿಗೆ ವಾಲಿಸಿದರೆ 68ಕ್ಕೆ. 70ರಲ್ಲಿ ಹಾರುತ್ತಿರುವವನಿಗೆ ಉಳಿದ ಅಂತರ ಎರಡೇ ನಾಟ್! ಮೇಲಾಗಿ, ಏರುವಾಗ ಎದುರಿಗಿದ್ದ ಗಾಳಿ ಈಗ ಬೆನ್ನಿಗಿರುತ್ತದೆ. 50 ನಾಟ್‌ಗೆ ಇಳಿಯುವ ವಿಮಾನ 10 ನಾಟ್ ಎದುರುಗಾಳಿಯಲ್ಲಿ ನೆಲವನ್ನು 40ರ ವೇಗದಲ್ಲಿ ಮುಟ್ಟಿದರೆ, ಹಿಂಗಾಳಿಯಲ್ಲಿ 60ರಲ್ಲಿ ಮುಟ್ಟುತ್ತದೆ, ಡಿಕ್ಕಿಯ ಶಕ್ತಿ ಎರಡೂಕಾಲು ಪಟ್ಟು ಹೆಚ್ಚುತ್ತದೆ. ಸಾಕಷ್ಟು ಎತ್ತರದಲ್ಲಿ ಬೋಧಕರೊಂದಿಗೆ ಅಭ್ಯಾಸ ಮಾಡಿ, ತನ್ನ ವಿಮಾನಕ್ಕೆ ಎಷ್ಟು ಅಡಿ ಬೇಕೆಂದು ಅಳೆದುಕೊಂಡಿರದ ಪೈಲಟ್ ಹಿಂದಿರುಗುವ ಯೋಚನೆಯನ್ನೇ ಬಿಡುವುದು ಲೇಸು.

ಹಾಗಾದರೆ ಇಳಿಯುವುದೆಲ್ಲಿ? ಮೂತಿಯ ಎಡಬಲಕ್ಕೆ 30 ಡಿಗ್ರಿಯೊಳಗೆ ಕಾಣುವ ಜಾಗಗಳಲ್ಲಿ ಒಂದನ್ನು ಆರಿಸಿ, ಮತ್ತೆ ಮನಸ್ಸು ಬದಲಿಸಬೇಡಿ. ಎತ್ತರ ಉಳಿದಿದ್ದರೆ ಇಂಧನದ ಕವಾಟ, ಮಿಕ್ಸ್ಚರ್ (ಇಂಧನ-ಗಾಳಿ ಮಿಶ್ರಣದ ಹಿಡಿ), ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊಗಳನ್ನು ಒಮ್ಮೆ ನೋಡಿ, ರೇಡಿಯೊದಲ್ಲಿ ಮೇಡೇ ಎಂಬ ಅಪಾಯದ ಕರೆ ಕೊಡಬಹುದು, ಇಲ್ಲದಿದ್ದರೆ ಬಿಟ್ಟುಬಿಡಿ. ಇಳಿಯುವುದು ಖಚಿತವಾದ ಮೇಲೆ ಬೆಂಕಿಯ ಅಪಾಯ ತಗ್ಗಿಸಲು ಮಿಕ್ಸ್ಚರ್ ಎಳೆದು, ಇಂಧನವನ್ನೂ ಮ್ಯಾಗ್ನೆಟೊಗಳನ್ನೂ ಬಂದ್ ಮಾಡಬೇಕು. ವಿದ್ಯುತ್ ಕಡಿಯುವ ಮಾಸ್ಟರ್ ಸ್ವಿಚ್ಚಿನ ಸರದಿ ಕೊನೆಯದು, ಏಕೆಂದರೆ ಈ ವಿಮಾನದ ಫ್ಲಾಪ್‌ಗಳು ಇಳಿಯುವುದು ವಿದ್ಯುತ್ತಿನಿಂದಲೇ. ನೆಲ ಮುಟ್ಟುವ ಮುಂಚೆ ಬಾಗಿಲಿನ ಚಿಲಕ ತೆಗೆದಿಡಿ. ಚೌಕಟ್ಟು ತಿರುಚಿಕೊಂಡರೆ ಮುಚ್ಚಿದ ಬಾಗಿಲು ಒಳಗಿನಿಂದ ತೆರೆಯದಿರಬಹುದು. ಮುಂದೆ ಮರಗಳೇ ಇದ್ದರೆ ಎರಡು ಕಾಂಡಗಳ ನಡುವೆ ಮೂತಿ ತೂರಿಸಿ. ಪೆಟ್ಟು ರೆಕ್ಕೆಗಳಿಗೆ ಬೀಳಲಿ.